ಕೈ ಬೀಸಿ ನಡೆದರೂ ತೆರಿಗೆ

ಅಜ್ಜಂಪುರದ ಅಮೃತ ಮಹಲ್ ಕಾವಲಿನ ಬೇಲಿಯ ಪಕ್ಕ ಕಾರು ನಿಲ್ಲಿಸಿದ್ದೇ ತಡ, ಅತ್ತ ಮೇಯುತ್ತಿದ್ದ ಹಸುವೊಂದು ತಲೆ ಎತ್ತಿತು. ಊರ ಹಸು ನೋಡುವ ಹಾಗೆ ಅದು ನೋಡಲಿಲ್ಲ. ನಮ್ಮ ಮನೆಯ ಹಸು ಮನುಷ್ಯರನ್ನು ಕಂಡರೆ ಹಿಂಡಿ ಸಿಗುತ್ತದೇನೋ ಎಂದು ಕೈ ನೋಡುತ್ತದೆ. ಇದು ಮುಖ ನೋಡಿತು. ಬೂದು ಬಿಳುಪಿನ ಮೈ, ನೀಳ ಮುಖ, ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಕತ್ತಿಯಂಥ ಕೊಂಬು. ತುದಿ ಎಷ್ಟು ಚೂಪೆಂದರೆ ನಡುವೆ ಬೇಲಿಯಿದ್ದರೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

'ಹೆದರ್ಕೋಬೇಡ, ಅದು ಮಿಲಿಟರಿ ವಂಶ. ಆರ್ಡರ್ ಇಲ್ದೆ ಹಾಯಲ್ಲ' ಎಂದ ಗೆಳೆಯ.

ಗೆಳೆಯ ಬೀರೂರಿನವನು. ತಾಲ್ಲೂಕು ಕಚೇರಿಗಳಲ್ಲೇ ಕೂದಲು ನೆರೆಸಿಕೊಂಡು ಮೂರು ವರ್ಷದ ಹಿಂದೆ ನಿವೃತ್ತನಾದವನು. ಹೆಬ್ಬೆ ಜಲಪಾತ ನೋಡೋಣವೆಂದು ಹೊರಟಿದ್ದ ನನ್ನನ್ನು ಉಲ್ಟಾ ದಿಕ್ಕಿಗೆ, ಅಜ್ಜಂಪುರಕ್ಕೆ ಕರೆತಂದವನು ಅವನೇ. ನಾನು ಆಗ ಮಾರ್ಕ್ ಕಬ್ಬನ್ ಎಂಬ ಕಂಪನಿ ಸೇನೆಯ ಅಧಿಕಾರಿಯ ಬಗ್ಗೆ ಓದುತ್ತಿದ್ದೆ. ಹತ್ತೊಂಬತ್ತನೆಯ ಶತಮಾನದ ಗಡಿನಾಡ ಸೇನಾಧಿಕಾರಿ ಎಂದರೆ ಕುದುರೆ, ಕತ್ತಿ, ತೋಪು, ಗಾಯದ ಕಲೆ ಎಂದೆಲ್ಲ ಎಣಿಸಿಕೊಂಡಿದ್ದ ನನಗೆ ಅವನ ಕಥೆ ಸಪ್ಪೆ ಎನಿಸಿತ್ತು. ಅದನ್ನು ಹೇಳಿದಾಗ ಗೆಳೆಯ, 'ಹಂಗಾದ್ರೆ ಮೊದ್ಲು ಎತ್ತು ನೋಡು. ಆಮೇಲೆ ಬೆಟ್ಟ ಹತ್ತೋಣ' ಎಂದಿದ್ದ.

ಎತ್ತು ನೋಡಬೇಕಾದದ್ದು ಯಾಕೆಂದರೆ, ಆ ಕಾಲದಲ್ಲಿ ತೋಪು ತಾನಾಗಿ ನಡೆಯುತ್ತಿರಲಿಲ್ಲ. ಎಳೆಯಲು ಎತ್ತು ಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದು ಅರಮನೆಯ ಹಾಲು ಬೆಣ್ಣೆಗಾಗಿ ಶುರುವಾದ ಹಿಂಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಹೆಸರಲ್ಲಿ ಅಮೃತವಿದ್ದರೂ ಈ ಹಸುಗಳು ಹಾಲಿನಲ್ಲಿ ಜಿಪುಣ. ಇವುಗಳ ಹೋರಿಗಳು ಮಾತ್ರ ಓಟದಲ್ಲಿ ಧಾರಾಳಿ. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯ ನಡೆಸಿದ್ದು ಇವುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಬೆರಗಿನಿಂದ ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಮೈಸೂರು ಸರ್ಕಾರದ ಕೈಗೆ ಹೋಗಿ ಸೊರಗಿತು. 1813ರಲ್ಲಿ ಕಂಪನಿಯ ಮದ್ರಾಸ್ ಸೇನೆ ಅದನ್ನು ತನ್ನ ಕಮಿಸರಿಯೆಟ್ ಇಲಾಖೆಗೆ ತೆಗೆದುಕೊಂಡಿತು. ಹುಣಸೂರು ಅದರ ಕೇಂದ್ರವಾಯಿತು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಹಂಚಿಟ್ಟ ಕಾವಲುಗಳಲ್ಲಿ ದನ ಮೇಯುತ್ತಿದ್ದವು. ಈಗ ಅಜ್ಜಂಪುರದಲ್ಲಿರುವ ತಳಿ ಸಂವರ್ಧನಾ ಕೇಂದ್ರ 1929ರದ್ದು. ಹಿಂಡು ಮಾತ್ರ ಹಳೆಯದು.

ಕಮಿಸರಿಯೆಟ್ ಎಂದರೆ ಸೈನ್ಯಕ್ಕೆ ಅಕ್ಕಿ, ಹುರುಳಿ, ಹುಲ್ಲು, ಎತ್ತು ಒದಗಿಸುವ ಇಲಾಖೆ. ಯುದ್ಧ ಗೆದ್ದವನಿಗೆ ಪದಕ, ಅಕ್ಕಿ ಮುಟ್ಟಿಸಿದವನಿಗೆ ಲೆಕ್ಕ ಪರಿಶೋಧನೆ. ಕಬ್ಬನ್ ಬೆಳೆದದ್ದು ಈ ಇಲಾಖೆಯಲ್ಲಿ.

ಅವನು ಹುಟ್ಟಿದ್ದು 1775ರಲ್ಲಿ, ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿ ಕೂತಿರುವ ಮ್ಯಾನ್ ದ್ವೀಪದಲ್ಲಿ. ತಾಯಿಯ ಅಣ್ಣತಮ್ಮಂದಿರಲ್ಲೊಬ್ಬ ಮಾರ್ಕ್ ವಿಲ್ಕ್ಸ್; ಮೈಸೂರಿನ ರೆಸಿಡೆಂಟನಾಗಿ, ಮೈಸೂರಿನ ಇತಿಹಾಸ ಬರೆದ ಅದೇ ವಿಲ್ಕ್ಸ್. ಸೋದರಮಾವ ಇದ್ದ ಕಡೆ ಅಳಿಯ ಬರುವುದು ನಮ್ಮಲ್ಲೂ ಹೊಸತೇನಲ್ಲ. 1800ರಲ್ಲಿ ಮದ್ರಾಸ್ ಸೇನೆಯ ಕೆಡೆಟ್ ಆಗಿ ಹಡಗಿಳಿದವನು ಮೆಟ್ಟಿಲು ಮೆಟ್ಟಿಲಾಗಿ ಏರಿದ. ಪಿಂಡಾರಿ ಯುದ್ಧದ ಕಾಲದಲ್ಲಿ ದುಡಿದ. 1823ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆದ. ಇಷ್ಟರಲ್ಲೇ ಅವನ ಕಥೆ ಮುಗಿದು, ಪಿಂಚಣಿ ಪಡೆದು ದ್ವೀಪಕ್ಕೆ ಮರಳಿದ್ದರೆ ಬೆಂಗಳೂರಿನ ಉದ್ಯಾನಕ್ಕೆ ಬೇರೆ ಯಾರದೋ ಹೆಸರು ಇರುತ್ತಿತ್ತು. ಹಾಗಾಗದಂತೆ ಮಾಡಿದವರು ಈ ಕಡೆಯ ರೈತರು ಮತ್ತು ತರೀಕೆರೆಯ ಪಾಳೆಯಗಾರರು.

ತರೀಕೆರೆ ಎಂದರೆ ಕನ್ನಡ ಕಲಿಯುವ ಮಕ್ಕಳಿಗೆಲ್ಲ ಏರಿಯ ಮೇಲಿನ ಕುರಿಮರಿಗಳೇ. ನಾಲಗೆ ತೊಡರಿಸುವ ಆ ಮಾತನ್ನು ಊರ ಬಾಗಿಲಲ್ಲಿ ಹೇಳಲು ಹೋಗಿ ನಾನು ಮೂರನೇ ಸಲಕ್ಕೆ ಎಡವಿದೆ. ಗೆಳೆಯ ಎಡವಲಿಲ್ಲ, ಸ್ಥಳೀಯ ಸೌಲಭ್ಯ. ಪೇಟೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಲಿಂಗದಹಳ್ಳಿ ರಸ್ತೆ ಹಿಡಿದೆವು. ಬಯಲು ಮುಗಿದು ಬಾಬಾಬುಡನ್ ಸಾಲು ಎದುರಿಗೆ ಗೋಡೆಯ ಹಾಗೆ ಏಳುವುದು ಈ ದಾರಿಯಲ್ಲೇ. ತೆಂಗು, ಅಡಿಕೆ, ರಾಗಿ ಹೊಲ ಕಣ್ಣೆದುರೇ ಹಿಂದೆ ಸರಿದು ಕಾಡಿನ ನೆರಳು ಕಾರಿನ ಮೇಲೆ ಬೀಳುತ್ತದೆ.

ತರೀಕೆರೆಯ ನಾಯಕರು ಮೂಲದಲ್ಲಿ ಬಸವಾಪಟ್ಟಣ, ಸಂತೆಬೆನ್ನೂರಿನ ಕಡೆಯವರು. ಸಂತೆಬೆನ್ನೂರಿನ ಆ ಚೆಲುವಾದ ಪುಷ್ಕರಣಿ ಅವರ ಮನೆತನದ್ದೇ. ಬಿಜಾಪುರದ ರಣದುಲ್ಲಾ ಖಾನನ ದಂಡು ಬಂದ ಮೇಲೆ ಬಯಲು ಬಿಟ್ಟು ಬೆಟ್ಟದ ಬುಡಕ್ಕೆ ಬಂದರು. ಹೈದರ್, ಟಿಪ್ಪು ಕಾಲದಲ್ಲಿ ಪಾಳೆಯಪಟ್ಟು ಹೋಯಿತು. 1799ರ ನಂತರ ಅವರ ವಂಶದವರು ಮೈಸೂರು ಅರಸರ ಕಣ್ಣಳತೆಯಲ್ಲಿ ಬದುಕಬೇಕಾಯಿತು. ಇಲ್ಲಿ ಊರು, ಅಲ್ಲಿ ವಾಸ. ಅಂಥ ಬದುಕು ಎಷ್ಟು ದಿನ ಸಹ್ಯವಾಗಿರಲು ಸಾಧ್ಯ?

1830ರಲ್ಲಿ ಮಲೆನಾಡಿನ ನಗರ ಎಂಬ ಊರಿನ ಸೀಮೆ ಹೊತ್ತಿಕೊಂಡಿತು. ರೈತರು ಅಲ್ಲಲ್ಲಿ ಕೂಟ ಸೇರಿದರು. 'ಕೂಟ' ಎಂಬ ಈ ಕನ್ನಡ ಮಾತೇ ಕಂಪನಿಯ ಕಾಗದಪತ್ರಗಳಿಗೂ ಹತ್ತಿತು. ಕಂದಾಯ ಕೊಡುವುದಿಲ್ಲ ಎಂದು ಹಳ್ಳಿಯಿಂದ ಹಳ್ಳಿಗೆ ಓಲೆ ಹೋಯಿತು. ಸಿಟ್ಟಿನ ಬೇರು 'ಶರತ್ತು' ಎಂಬ ಪದ್ಧತಿ. ಅಮಲ್ದಾರ ಇಷ್ಟು ಹಣ ಎತ್ತಿಕೊಡುತ್ತೇನೆಂದು ಸರ್ಕಾರಕ್ಕೆ ಶರತ್ತು ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರ ಯಾವ ಕಾಲದಲ್ಲಿದ್ದಾನೆ? ರೈತನ ಹಗೇವು ಬಗೆದ. ಇದರ ಜೊತೆಗೆ ಕೆಳದಿ ವಂಶದ ಅರಸ ತಾನೆಂದು ಬೂದಿ ಬಸವಪ್ಪ ಎಂಬಾತ ಎದ್ದು ನಿಂತ. ಅವನ ಮೊದಲ ಹೆಸರು ಸಾದರಮಲ್ಲ, ಸಾಮಾನ್ಯ ರೈತ. ಅದೇ ಹೊತ್ತಿಗೆ ತರೀಕೆರೆಯ ನಾಯಕ ಮನೆತನದವರು ಮೈಸೂರಿನಿಂದ ಗುಟ್ಟಾಗಿ ತಪ್ಪಿಸಿಕೊಂಡು ಬಂದು ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದರು. ಅವರಲ್ಲಿ ಜನರ ಬಾಯಲ್ಲಿ ಉಳಿದ ಹೆಸರು ಸರ್ಜಾ ಹನುಮಪ್ಪ ನಾಯಕನದು.

ಕಲ್ಲತ್ತಿಗಿರಿಯಲ್ಲಿ ಇಳಿದು ವೀರಭದ್ರನ ಗುಡಿಯ ಮುಂದೆ ಧುಮುಕುವ ನೀರಿನ ಬಳಿ ನಿಂತಾಗ ಮೇಲಿನ ಕಾಡು ಕಪ್ಪಗೆ ಕಾಣುತ್ತಿತ್ತು. ಕಲ್ಲಿನ ಆನೆಗಳ ಮೇಲೆ ನೀರು ಬಿದ್ದು ಹರಿಯುತ್ತದೆ. ಭಕ್ತರು ತಲೆಯೊಡ್ಡಿ ನಿಲ್ಲುತ್ತಾರೆ. ಈ ಮಡಿಲಲ್ಲಿ ಒಬ್ಬ ಅಡಗಿದರೆ ಹುಡುಕುವುದು ಹೇಗೆ ಎಂದು ನನಗೆ ಅಲ್ಲಿ ಅರ್ಥವಾಯಿತು. ಬಯಲಿನಿಂದ ಬಂದ ದಂಡಿಗೆ ಇದು ದಾರಿಯಲ್ಲ, ಗೋಡೆ. ಗಾಡಿ ಬರದು. ಹೇರಿನ ಎತ್ತುಗಳು ಸಾಲಾಗಿ ಏರಬೇಕು. ಮೇಲೆ ನಿಂತವನಿಗೆ ಕೆಳಗಿನ ಒಂದೊಂದು ಎತ್ತೂ ಕಾಣುತ್ತದೆ. ಕೆಳಗಿನವನಿಗೆ ಮೇಲಿನದು ಬರೀ ಎಲೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಪಡೆ ಸಾಲದಾದಾಗ ಕಂಪನಿಯ ಸೈನ್ಯ ಬಂತು. 1831ರ ಜೂನ್‌ನಲ್ಲಿ ನಗರ ಬಿತ್ತು. ದಂಗೆಯ ಬೆಂಕಿ ಆರುವ ಮೊದಲೇ ಗವರ್ನರ್ ಜನರಲ್ ಬೆಂಟಿಂಕ್ ಅರಸರಿಂದ ಆಡಳಿತವನ್ನೇ ಕಿತ್ತುಕೊಂಡ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೈಸೂರು ಕಮಿಷನರುಗಳ ಕೈಗೆ ಹೋಯಿತು. ಆಮೇಲೆ, ಕೆಲಸವೆಲ್ಲ ಮುಗಿದ ಮೇಲೆ, ದಂಗೆ ಯಾಕಾಯಿತೆಂದು ತಿಳಿಯಲು ಸಮಿತಿ ನೇಮಿಸಿದರು. ಈ ಕ್ರಮ ನಮ್ಮ ಕಾಲಕ್ಕೂ ಬದಲಾಗಿಲ್ಲವೆಂದು ಗೆಳೆಯ ಗೊಣಗಿದ. ಹಾಕರ್, ಮಾರಿಸನ್, ಮೆಕ್ಲಿಯಡ್ ಮತ್ತು ಲೆಫ್ಟಿನೆಂಟ್ ಕರ್ನಲ್ ಕಬ್ಬನ್ ಸಮಿತಿಯಲ್ಲಿದ್ದರು. ಎರಡು ವರ್ಷ ನಗರ ಸೀಮೆಯ ದೂರು ದುಮ್ಮಾನಗಳೆಲ್ಲ ಅವರ ಮುಂದೆ ಹಾದವು. 1833ರ ಡಿಸೆಂಬರ್‌ನಲ್ಲಿ ವರದಿ ಬಂತು. ದುರಾಡಳಿತ ನಿಜ; ಆದರೆ ಅರಸರು ಕಂಪನಿಗೆ ಕೊಡಬೇಕಾದ ಕಪ್ಪಕ್ಕೆ ಸಂಚಕಾರ ಬಂದಿತ್ತೆಂಬ ದೊಡ್ಡ ಗುಲ್ಲಿಗೆ ಆಧಾರವಿರಲಿಲ್ಲ. ಹಾಗಿದ್ದೂ ಆಡಳಿತ ಅರಸರಿಗೆ ಮರಳಲಿಲ್ಲ. ಐವತ್ತು ವರ್ಷ, 1881ರವರೆಗೆ, ಮರಳಲಿಲ್ಲ.

1834ರಲ್ಲಿ ಎರಡು ಸಂಗತಿ ನಡೆದವು. ಸರ್ಜಾ ಹನುಮಪ್ಪ ನಾಯಕ ಸಿಕ್ಕಿಬಿದ್ದು ಗಲ್ಲಿಗೇರಿದ. ಜೂನ್‌ನಲ್ಲಿ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆದ. ಯಾವ ಪುಸ್ತಕವೂ ಇವೆರಡನ್ನು ಒಂದೇ ಪುಟದಲ್ಲಿ ಹೇಳಿದ್ದನ್ನು ನಾನು ನೋಡಿಲ್ಲ. ಒಬ್ಬನ ಕಥೆ ಪಾಳೆಯಗಾರರ ಅಧ್ಯಾಯದ ಕೊನೆಯ ಸಾಲು, ಇನ್ನೊಬ್ಬನದು ಕಮಿಷನರುಗಳ ಅಧ್ಯಾಯದ ಮೊದಲ ಸಾಲು. ನಡುವೆ ನೂರಾರು ಪುಟ.

'ಆಗ ಅವನ ವಯಸ್ಸೆಷ್ಟು?' ಗೆಳೆಯ ಕೇಳಿದ.

'ಯಾರದು, ನಾಯಕನದಾ?'

'ಅಲ್ವೋ, ನಿನ್ನ ಕರ್ನಲ್ಲು.'

'ಐವತ್ತೆಂಟು ಮುಗಿದಿತ್ತು.'

ಅವನು ಕಾರಿನ ಗೇರು ಬದಲಿಸುವುದನ್ನೇ ಮರೆತ. 'ನಂಗೆ ಐವತ್ತೆಂಟಕ್ಕೆ ಪಿಂಚಣಿ ಕಾಗದ ರೆಡಿ ಮಾಡ್ಕೊ ಅಂದ್ರು ಕಣಯ್ಯ. ಇವನು ಆಗ ಶುರು ಮಾಡಿದ್ನಾ?'

ಶುರು ಮಾಡಿ 27 ವರ್ಷ ಕೂತ. ಮದುವೆಯಾಗಲಿಲ್ಲ, ಊರಿಗೂ ಹೋಗಲಿಲ್ಲ. ಗಂಭೀರ ಸುಧಾರಕರು ಅವನನ್ನು ನಿಧಾನಿ ಎಂದು ಬೈದಿದ್ದಾರೆ. ಇದ್ದದ್ದನ್ನು ಕಿತ್ತುಹಾಕಲು ಅವನಿಗೆ ಮನಸ್ಸಿರಲಿಲ್ಲ. ಪಟೇಲ, ಶ್ಯಾನುಭೋಗ, ಶೇಕ್‌ದಾರ, ಅಮಲ್ದಾರ ಎಲ್ಲರನ್ನೂ ಇದ್ದಲ್ಲೇ ಇಟ್ಟ. ಕಚೇರಿಯ ಕಾಗದ ಕನ್ನಡದಲ್ಲೂ ಮರಾಠಿಯಲ್ಲೂ ನಡೆಯಿತು. ರಾಜ್ಯವನ್ನು ನಾಲ್ಕು ವಿಭಾಗ ಮಾಡಿ ಮೇಲೆ ಒಬ್ಬೊಬ್ಬ ಸೂಪರಿಂಟೆಂಡೆಂಟನನ್ನು ಕೂರಿಸಿದ. ತರೀಕೆರೆಯ ಸೀಮೆ ನಗರ ವಿಭಾಗಕ್ಕೆ ಸೇರಿತು.

ಇವನು ತೆಗೆದುಹಾಕಿದ್ದೆಂದರೆ ಸಣ್ಣಪುಟ್ಟ ತೆರಿಗೆಗಳನ್ನು. ಎಷ್ಟು ಗೊತ್ತೆ? 769. ನಾನು ಈ ಸಂಖ್ಯೆಯನ್ನು ಹೇಳಿದಾಗ ಕಂದಾಯ ಇಲಾಖೆಯಲ್ಲಿ ಜೀವ ಸವೆಸಿದ ಗೆಳೆಯ ವೃತ್ತಿಗೌರವದಿಂದ ತಲೆದೂಗಿದ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ, ತಲೆ ಬೋಳಿಸಿದರೆ ತೆರಿಗೆ. ಒಂದು ಹಳ್ಳಿಯವರು ಕೊಡುತ್ತಿದ್ದ ತೆರಿಗೆಯ ಕಾರಣ ಇದು: ಅವರ ಹಿರಿಯರು ಯಾವನೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಟ್ಟಿರಲಿಲ್ಲ. ಕುದುರೆ ಸತ್ತು, ಪಾಳೆಯಗಾರ ಸತ್ತು, ಹಿರಿಯರೂ ಸತ್ತು ತೆರಿಗೆ ಮಾತ್ರ ಗಟ್ಟಿಮುಟ್ಟಾಗಿತ್ತು. ನಗರದಲ್ಲಿ ಒಂದು ನಿರ್ದಿಷ್ಟ ಜಾಗವನ್ನು ದಾಟುವಾಗ ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಂಡು ನಡೆಯದಿದ್ದರೆ ಅದಕ್ಕೂ ತೆರಿಗೆ. ಇದನ್ನು ಲೂಯಿಸ್ ರೈಸ್ ತನ್ನ ಗೆಜೆಟಿಯರಿನಲ್ಲಿ ನಗದೆ ಬರೆದಿದ್ದಾನೆ. ನಾನು ಓದುವಾಗ ನಕ್ಕಿದ್ದೆ.

ಕೆಮ್ಮಣ್ಣುಗುಂಡಿಗೆ ಹೊತ್ತೇರಿ ತಲುಪಿದೆವು. 1,400 ಮೀಟರ್ ದಾಟಿದ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಬಿಡಾರ. ತೋಟಗಾರಿಕೆ ಇಲಾಖೆಯ ಗುಲಾಬಿ. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಬೇಕಾದದ್ದು ಹೆಸರಿನಲ್ಲೇ ಇರುವ ಕೆಮ್ಮಣ್ಣು. ಈ ಬೆಟ್ಟದ ಅದಿರೇ ಹಗ್ಗದ ದಾರಿಯಲ್ಲಿ ತೂಗಾಡುತ್ತ ಇಳಿದು ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣವಾಗುತ್ತಿದ್ದದ್ದು. ಮಣ್ಣು ಚಪ್ಪಲಿಗೆ ಹತ್ತಿದರೆ ಬಿಡುವುದಿಲ್ಲ.

ಅಲ್ಲಿಂದ ಹೆಬ್ಬೆಗೆ ನಮ್ಮ ಮಾರುತಿ ನಡೆಯದು, ಜೀಪೇ ಆಗಬೇಕು. ಜೀಪಿನ ಚಾಲಕ ನಡುವಯಸ್ಸಿನವರು, ಕಿವಿಗೆ ಮಫ್ಲರ್. 'ಹಿಂದ್ಗಡೆ ಕಂಬಿ ಗಟ್ಟಿಯಾಗ್ ಹಿಡ್ಕಳಿ ಸಾರ್. ಮಾತಾಡಂಗಿದ್ರೆ ನಾಲ್ಗೆ ಒಳಗಿಟ್ಕಂಡು ಮಾತಾಡಿ' ಎಂದರು. ಐದು ನಿಮಿಷದಲ್ಲಿ ಆ ಸಲಹೆಯ ಬೆಲೆ ತಿಳಿಯಿತು. ರಸ್ತೆ ಎನ್ನುವುದು ಗೌರವದ ಮಾತು. ಮಳೆ ಕೊರೆದ ಎರಡು ಚಡಿ, ನಡುವೆ ಬಂಡೆಯ ಬೆನ್ನು. ಎರಡೂ ಕಡೆ ಕಾಫಿ, ಮೇಲೆ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸು.

ಕಾಫಿಗೂ ನಮ್ಮ ಕರ್ನಲ್‌ಗೂ ನಂಟಿದೆ. ಹಿಂದೆ ಸರ್ಕಾರ ಕಾಫಿ ಬೆಳೆದವನ ಫಸಲಿನಲ್ಲಿ ಅರ್ಧ ಪಾಲು ಕೇಳುತ್ತಿತ್ತು. ಕಬ್ಬನ್ ಕಾಲದಲ್ಲಿ ಅದು ಹೋಗಿ ಮಣಕ್ಕೆ ಒಂದು ರೂಪಾಯಿ ಹಾಲತ್ ಎಂಬ ಸುಂಕ ಬಂತು. 1849ರ ಹೊತ್ತಿಗೆ ಅದೂ ನಾಲ್ಕಾಣೆಗೆ ಇಳಿಯಿತು. ಬೆಟ್ಟದ ಮೈಮೇಲೆ ತೋಟ ಹಬ್ಬಿದ್ದು ಆಮೇಲೆ. ಹಬ್ಬಿದ ತೋಟದ ಕಾಫಿ ಕರಾವಳಿಗೆ ಇಳಿಯಲು ರಸ್ತೆ ಬೇಕು. 1831ರಲ್ಲಿ ಮೈಸೂರು ಸೀಮೆಯಲ್ಲಿ ಗಾಡಿ ನಡೆಯುವ ದಾರಿ ಅಪರೂಪವಾಗಿತ್ತು. ಸರಕೆಲ್ಲ ಹೇರೆತ್ತಿನ ಬೆನ್ನ ಮೇಲೆ. ಕಾಲು ಶತಮಾನದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಘಟ್ಟ ಇಳಿಯುವ ಆಗುಂಬೆಯಂಥ ದಾರಿಗಳು ಗಾಡಿಗೆ ತೆರೆದವು.

ಜೀಪು ಒಂದು ಬಂಡೆಯಿಂದ ಇನ್ನೊಂದಕ್ಕೆ ದುಮುಕುವಾಗ ನನಗೆ ಹೊಳೆದದ್ದು ಇದೇ. ಅಕ್ಕಿ ಮುಟ್ಟಿಸುವ ಇಲಾಖೆಯಲ್ಲಿ ಪಳಗಿದವನು ಬೆಟ್ಟವನ್ನು ನೋಡಿದ್ದು ಕತ್ತಿಯವನ ಕಣ್ಣಿಂದಲ್ಲ. ಎತ್ತು ಹತ್ತುತ್ತದೆಯೇ, ಗಾಡಿ ಹೋಗುತ್ತದೆಯೇ, ಮಣಕ್ಕೆಷ್ಟು ಬೀಳುತ್ತದೆ ಎಂಬ ಕಣ್ಣಿಂದ. ನಾಯಕನ ಬಲವಿದ್ದದ್ದು ದಾರಿ ಇಲ್ಲದಿರುವುದರಲ್ಲಿ. ಒಬ್ಬ ನಾಯಕನನ್ನು ಗಲ್ಲಿಗೇರಿಸಿದರೆ ಮಗನೋ ತಮ್ಮನೋ ಮತ್ತೆ ಮೇಲೇರಬಹುದು. ಗಾಡಿ ಏರಿತೆಂದರೆ ಅಡಗುವ ಜಾಗವೇ ಹೋಯಿತು. ರೈತನ ರಾಗಿಗೆ, ಕಾಫಿಗೆ ದಾರಿಯಾದದ್ದೂ ಸುಳ್ಳಲ್ಲ. ಅದೇ ದಾರಿಯಲ್ಲಿ ತೋಪೂ ಬರಬಹುದಿತ್ತೆಂಬುದೂ ಸುಳ್ಳಲ್ಲ. ನನಗೆ ಅವನ ಮೇಲೆ ಮೊದಲಿದ್ದ ತಾತ್ಸಾರ ಹೋಯಿತು, ಆದರೆ ಪ್ರೀತಿ ಬಂತೆಂದು ಹೇಳಲಾರೆ.

ಜೀಪು ನಿಂತಲ್ಲಿಂದ ಕಾಲುದಾರಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಚಾಲಕರು ಸುಣ್ಣ, ಹೊಗೆಸೊಪ್ಪು ಕಲಸಿದ ಒಂದು ಉಂಡೆ ಕೊಟ್ಟು, 'ಕಾಲಿಗೆ ಬಳ್ಕಳಿ, ಇಂಬಳ ಜಾಸ್ತಿ' ಎಂದರು. ಬಳಿದುಕೊಂಡೆ. ಹಳ್ಳ ದಾಟುವಾಗ ಎಲ್ಲ ತೊಳೆದುಹೋಯಿತು. ಮತ್ತೊಂದು ಹಳ್ಳ. ಸೊಂಟದಷ್ಟಲ್ಲದಿದ್ದರೂ ಮೊಳಕಾಲಿನ ಮೇಲೆ ನೀರು, ಕೆಳಗೆ ಪಾಚಿಗಟ್ಟಿದ ಗುಂಡುಕಲ್ಲು. ನಾನು ಎರಡೂ ಕೈ ಚಾಚಿ, ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗನಂತೆ ಹೆಜ್ಜೆಯಿಟ್ಟೆ. ಹಿಂದಿನಿಂದ ಗೆಳೆಯ ಕೂಗಿದ: 'ಕೈ ಮೈಗೆ ಅಂಟಿಸ್ಕೊಂಡು ನಡಿಯಯ್ಯ, ತೆರಿಗೆ ಬೀಳುತ್ತೆ!'

ನಗು ಬಂದು ಜಾರಿದೆ. ಕೈಯೂರಿ ಎದ್ದೆ. ಅಂಗೈ ತರಚಿತ್ತು. ಓದುವಾಗ ತಮಾಷೆ ಎನಿಸಿದ್ದು ಆಗ ತಮಾಷೆ ಎನಿಸಲಿಲ್ಲ. ಮಲೆನಾಡಿನ ಜಾರುವ ನೆಲದಲ್ಲಿ ತಲೆಯ ಮೇಲೆ ಹೊರೆ ಹೊತ್ತವನೊಬ್ಬ ಕೈ ಬೀಸದೆ ನಡೆಯಬೇಕು. ಬೀಸಿದರೆ ಹಣ ಕೊಡಬೇಕು, ಬೀಸದಿದ್ದರೆ ಬೀಳಬೇಕು. ಅಂಥವನು ಕೂಟಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾನೆ?

ಹೆಬ್ಬೆ ಕಾಣುವ ಮೊದಲು ಕೇಳಿಸುತ್ತದೆ. ಮರಗಳ ಸಂದಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು, ಅದರಲ್ಲೇ ನೀರಿನ ಹುಡಿ. ತಿರುವು ದಾಟಿದರೆ ಎದುರಿಗೆ ಕರಿ ಬಂಡೆಯ ಗೋಡೆ, ಅದರ ಮೇಲಿಂದ ಬೀಳುವ ಬಿಳಿ. ಒಟ್ಟು 168 ಮೀಟರ್ ಎತ್ತರದಿಂದ ಎರಡು ಹಂತದಲ್ಲಿ ಬೀಳುತ್ತದೆ: ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ. ಮಳೆಗಾಲ ಆಗಷ್ಟೇ ಮುಗಿದಿದ್ದರಿಂದ ನೀರು ಬಂಡೆಯನ್ನು ಮುಟ್ಟದೆ ಗಾಳಿಯಲ್ಲೇ ಒಡೆದು ಬೀಳುತ್ತಿತ್ತು. ಮಾತಾಡಿದರೆ ಕೇಳಿಸದು. ಅರ್ಧ ಗಂಟೆ ಕೂತೆವು. ಮಂಡಕ್ಕಿ ಮೆತ್ತಗಾಗಿತ್ತು, ಮೆಣಸಿನಕಾಯಿ ತಣ್ಣಗಾಗಿತ್ತು. ಅಷ್ಟು ರುಚಿಯಾದ ಮಂಡಕ್ಕಿ ಮೆಣಸಿನಕಾಯಿಯನ್ನು ನಾನು ತಿಂದದ್ದಿಲ್ಲ.

ಕಬ್ಬನ್ ನಿವೃತ್ತನಾದದ್ದು 1861ರ ಫೆಬ್ರವರಿಯಲ್ಲಿ, 85ನೇ ವಯಸ್ಸಿನಲ್ಲಿ. ಮೈಸೂರನ್ನು ಮದ್ರಾಸ್ ಸರ್ಕಾರದ ಅಧೀನಕ್ಕೆ ಕೊಡುವ ಆಜ್ಞೆ ಬಂದಾಗಲೇ ರಾಜೀನಾಮೆ ಎಸೆದಿದ್ದ. ಆಜ್ಞೆ ಹಿಂದಕ್ಕೆ ಹೋಯಿತು, ಆದರೆ ಅವನ ಮೈಯಲ್ಲಿ ಕಸುವು ಉಳಿದಿರಲಿಲ್ಲ. 60 ವರ್ಷದ ಮೇಲೆ ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲಿ ಏಪ್ರಿಲ್ 23ರಂದು ತೀರಿಕೊಂಡ. ಹೆಣ ಮಾತ್ರ ದ್ವೀಪ ಸೇರಿತು. ಹೊರಡುವ ಮುಂಚಿನ ವರ್ಷ, 1860ರಲ್ಲಿ, ಮದ್ರಾಸ್ ಸರ್ಕಾರ ಖರ್ಚಿನ ನೆಪ ಹೇಳಿ ಅಮೃತ ಮಹಲ್ ಹಿಂಡನ್ನೇ ಮಾರಿಹಾಕಿತ್ತು. ಆರು ವರ್ಷದಲ್ಲಿ ತಪ್ಪು ತಿಳಿದು ಮತ್ತೆ ಕೂಡಿಸಿದರು. ಹಾಗೆ ಕೂಡಿಸಿದ್ದರಿಂದಲೇ ಬೆಳಿಗ್ಗೆ ನನ್ನ ಮುಖ ನೋಡಿದ ಹಸು ಇನ್ನೂ ಅಲ್ಲಿದೆ. ಅದೇ 1866ರಲ್ಲಿ ಬೆಂಗಳೂರಿನಲ್ಲಿ ಕಬ್ಬನ್ನನ ಪ್ರತಿಮೆಯೂ ನಿಂತಿತು, ಕುದುರೆಯ ಮೇಲೆ. ಎತ್ತಿನ ಲೆಕ್ಕ ಬರೆದವನಿಗೆ ಕುದುರೆ.

ಜೀಪಿಗೆ ಮರಳಿದಾಗ ಎಡಗಾಲಿನ ಕಾಲುಚೀಲ ಕೆಂಪಾಗಿತ್ತು. ಬಿಚ್ಚಿ ನೋಡಿದರೆ ಕಣಕಾಲಿನ ಮೇಲೆ ಕಡಲೆಕಾಯಿಯಷ್ಟು ಊದಿದ ಇಂಬಳ, ತನ್ನ ಪಾಡಿಗೆ ತಾನು. ಕಚ್ಚಿದ್ದು ಯಾವಾಗ ಎಂಬುದೇ ಗೊತ್ತಾಗಿರಲಿಲ್ಲ. ಚಾಲಕರು ಉಪ್ಪು ಹಾಕಿ ಬೀಳಿಸಿದರು. 'ಕೀಳ್ಬಾರ್ದು ಸಾರ್, ಕಿತ್ರೆ ಕೆರೆತ ಹೋಗಲ್ಲ' ಎಂದು ಹೇಳಿ, ನಾವು ದಾರಿಯುದ್ದಕ್ಕೂ ಜಗಳವಾಡಿದ್ದು ಯಾರ ಬಗ್ಗೆ ಎಂದು ಕೇಳಿದರು.

'ಕಬ್ಬನ್ ಅಂತ. ಬೆಂಗಳೂರಲ್ಲಿ ಕಬ್ಬನ್ ಪಾರ್ಕ್ ಇಲ್ವಾ, ಅದೇ.'

'ಓ, ನೋಡಿದೀನಿ. ಮಗಳು ಅಲ್ಲೇ ಹತ್ರ ಕೆಲ್ಸಕ್ಕೆ ಹೋಗ್ತಾಳೆ.' ಮಫ್ಲರ್ ಸರಿ ಮಾಡಿಕೊಂಡು, ಟೈರಿನ ಕೆಮ್ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಹೇಳಿದರು: 'ಅದು ಮನುಷ್ಯನ ಹೆಸ್ರಾ? ನಾನು ಕಬ್ಬಿಣದ್ದು ಅನ್ಕಂಡಿದ್ದೆ. ಇಲ್ಲಿಂದ ಹೋದ ಕಬ್ಬಿಣದ ಗೇಟು ಗೀಟು ಏನಾದ್ರೂ ಇರ್ಬೇಕು ಅಂತ.'